ಕೆಲಸವಿಲ್ಲದಾಗಲೂ ಮಲಗದ ತಂತಿ

"ಲ್ಯಾಪ್‌ಟಾಪ್ ಮುಂದ ಯಾರೂ ಕುಂತಿರಂಗಿಲ್ಲ, ಒಂದ್ ಪ್ರೋಗ್ರಾಮೂ ಚಾಲೂ ಇರಂಗಿಲ್ಲ. ಆದ್ರೂ ತಳ ಬಿಸಿನೇ ಇರ್ತದ, ಬ್ಯಾಟರಿ ಇಳೀಲಕತ್ತಿರ್ತದ. ಒಳಗ ಯಾರ್ ಕೆಲಸ ಮಾಡ್ಲಕತ್ತಾರ್ರೀ?" ಜೇವರ್ಗಿಯ ಪದವಿ ವಿದ್ಯಾರ್ಥಿಯೊಬ್ಬರು ಕೇಳಿದ ಪ್ರಶ್ನೆ ಇದು. ಅವರದು ಲಿನಕ್ಸ್ ಹಾಕಿದ ಯಂತ್ರ. ಕರೆಂಟ್ ಹೋದರೆ ಬ್ಯಾಟರಿಯೇ ಗತಿ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಯಂತ್ರದ ಒಳಗಿನ ಬಿಸಿಯೂ ಸೇರಿಕೊಂಡರೆ ಫ್ಯಾನ್ ಹುಚ್ಚೆದ್ದು ತಿರುಗುತ್ತದೆ. ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಕಂಪ್ಯೂಟರಿನ ಅತ್ಯಂತ ಸೊಗಸಾದ ಮೂಲೆಯೊಂದಕ್ಕೆ ಹೋಗಿ ನಿಲ್ಲುತ್ತೇವೆ.

ಪರದೆ ಆರಿತೆಂದರೆ ಯಂತ್ರ ಮಲಗಿತು ಎಂದು ಬಹಳ ಜನ ನಂಬಿದ್ದಾರೆ. ಪರದೆ ಆರಿದಾಗ ಆರುವುದು ಪರದೆ ಮಾತ್ರ. ಪ್ರೊಸೆಸರ್‌ಗೂ ಎಸ್‌ಎಸ್‌ಡಿಗೂ ನಡುವೆ, ಪ್ರೊಸೆಸರ್‌ಗೂ ವೈಫೈ ಕಾರ್ಡಿಗೂ ನಡುವೆ ಪಿಸಿಐ ಎಕ್ಸ್‌ಪ್ರೆಸ್ ಎಂಬ ಕೊಂಡಿಗಳಿವೆ. ಯಾರೂ ಹೇಳದೆ ಅವು ಮಲಗುವುದಿಲ್ಲ. ಸಾಗಿಸಲು ಒಂದಕ್ಷರವೂ ಇಲ್ಲದಾಗ ಈ ಕೊಂಡಿಗಳು ಏನು ಮಾಡುತ್ತಿರುತ್ತವೆ ಗೊತ್ತೇ? ಸೊನ್ನೆ ಕಳಿಸುತ್ತಿರುತ್ತವೆ! ಅದೂ ಪೂರ್ಣ ವೇಗದಲ್ಲಿ. ಮೂರನೆಯ ತಲೆಮಾರಿನ ಕೊಂಡಿಯಾದರೆ ಒಂದೊಂದು ಜೋಡಿ ತಂತಿಯಲ್ಲಿ ಸೆಕೆಂಡಿಗೆ 800 ಕೋಟಿ ಬಿಟ್. ನಾಲ್ಕನೆಯದಾದರೆ 1,600 ಕೋಟಿ. ಎಸ್‌ಎಸ್‌ಡಿಗೆ ಸಾಮಾನ್ಯವಾಗಿ ಹೋಗಲು ನಾಲ್ಕು, ಬರಲು ನಾಲ್ಕು ಇಂಥ ಜೋಡಿಗಳು. ಹೇಳುವುದು ಏನೂ ಇಲ್ಲದಿದ್ದರೂ ಎರಡೂ ಕಡೆಯವರು ಎಡೆಬಿಡದೆ ಮಾತಾಡುತ್ತಲೇ ಇರುತ್ತಾರೆ.

ಇದು ದಡ್ಡತನವಲ್ಲ, ಅನಿವಾರ್ಯ. ಬಿಟ್‌ಗಳನ್ನು ಎಣಿಸಲು ಬೇಕಾದ ಗಡಿಯಾರವನ್ನು ಕೇಳುವ ತುದಿ ತನಗೆ ಬರುವ ಸಂಕೇತದ ಏರಿಳಿತದಿಂದಲೇ ಹೆಕ್ಕಿಕೊಳ್ಳುತ್ತದೆ. ಏರಿಳಿತ ನಿಂತರೆ ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿನಿಂದ ಹೊಂದಿಸಿಕೊಳ್ಳಬೇಕಾಗುತ್ತದೆ. ಬರೀ ಸೊನ್ನೆಯಲ್ಲಿ ಏರಿಳಿತ ಇರುವುದಿಲ್ಲವಲ್ಲ, ಅದಕ್ಕಾಗಿ ಸೊನ್ನೆಗಳನ್ನು ಒಂದು ಗೊತ್ತಾದ ಸೂತ್ರದಂತೆ ಕಲಸಿ ಕಳಿಸುತ್ತಾರೆ. ಆ ತುದಿಯಲ್ಲಿ ಅದೇ ಸೂತ್ರದಿಂದ ಬಿಡಿಸಿ, ಬಂದದ್ದು ಸೊನ್ನೆ ಎಂದು ಎಸೆಯುತ್ತಾರೆ. ನಮ್ಮ ವಿದ್ಯಾರ್ಥಿಯ ಲ್ಯಾಪ್‌ಟಾಪ್ ಒಳಗೆ "ಕೆಲಸ ಮಾಡ್ಲಕತ್ತ" ಒಬ್ಬರು ಸಿಕ್ಕರು.

ಈ ಕೊಂಡಿಗೆ ಬಿಡುವು ಎಷ್ಟಿದೆ ಎಂದು ಲೆಕ್ಕ ಹಾಕಿ ನೋಡಿ. ಅಫಜಲಪುರದ ಗ್ರಾಮ ಒನ್ ಕೇಂದ್ರದಲ್ಲಿ ಒಬ್ಬರು ಅರ್ಜಿ ಟೈಪ್ ಮಾಡುತ್ತಿದ್ದಾರೆ ಎನ್ನಿ. ಸೆಕೆಂಡಿಗೆ ಐದು ಕೀಲಿ ಒತ್ತುವ ಚುರುಕು ಕೈ. ಎರಡು ಕೀಲಿಗಳ ನಡುವಿನ ಅಂತರ 2 ಲಕ್ಷ ಮೈಕ್ರೋಸೆಕೆಂಡ್. ಆಳವಾಗಿ ಮಲಗಿದ ಕೊಂಡಿ ಎದ್ದು ನಿಲ್ಲಲು 200 ಮೈಕ್ರೋಸೆಕೆಂಡ್ ಬೇಕೆಂದು ಹಿಡಿದರೂ ಆ ಬಿಡುವು ಅದರ ಸಾವಿರ ಪಟ್ಟು. ನಮ್ಮ ಕಣ್ಣಿಗೆ ಬಿಡುವಿಲ್ಲದೆ ದುಡಿಯುತ್ತಿರುವ ಯಂತ್ರ ಎರಡು ಅಕ್ಷರಗಳ ನಡುವೆ ಒಂದು ಒಳ್ಳೆಯ ನಿದ್ದೆ ತೆಗೆಯಬಲ್ಲದು. ಈ ಲೆಕ್ಕ ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ನಿದ್ದೆಗೆ ಮಟ್ಟಗಳಿವೆ. ಎಲ್‌0 ಎಂದರೆ ಪೂರ್ತಿ ಎಚ್ಚರ. ಎಲ್‌0ಎಸ್ ಎಂದರೆ ಒಂದು ದಿಕ್ಕಿನ ತಂತಿ ಮಾತ್ರ ಕಣ್ಣು ಮುಚ್ಚಿದ ಜೊಂಪು. ಎಲ್‌1ರಲ್ಲಿ ಎರಡೂ ದಿಕ್ಕುಗಳು ನಿದ್ದೆ ಹೋಗುತ್ತವೆ. 2012ರಲ್ಲಿ ಸೇರಿಸಿದ ಎಲ್‌1.1, ಎಲ್‌1.2 ಎಂಬ ಒಳಮಟ್ಟಗಳಲ್ಲಿ ಕೊಂಡಿಯ ಹೆಚ್ಚಿನ ಸರ್ಕೀಟುಗಳೇ ಆರಿಹೋಗುತ್ತವೆ. ಮಿಲಿವಾಟ್‌ಗಳಲ್ಲಿದ್ದ ಖರ್ಚು ಮೈಕ್ರೋವಾಟ್‌ಗಳಿಗೆ ಇಳಿಯುತ್ತದೆ. ಮಿಲಿವಾಟಿಗೆ ಇಷ್ಟು ತಲೆಬಿಸಿ ಯಾಕೆ ಎನ್ನಬೇಡಿ. ಒಂದೇ ಒಂದು ಕೊಂಡಿ ಎಚ್ಚರವಾಗಿದ್ದರೂ ಇವತ್ತಿನ ಹಲವು ಪ್ರೊಸೆಸರ್‌ಗಳು ತಾವೂ ಆಳದ ನಿದ್ದೆಗೆ ಇಳಿಯುವುದಿಲ್ಲ. ಕೊಂಡಿಯೊಂದರ ಚಿಕ್ಕ ಎಚ್ಚರ ಇಡೀ ಚಿಪ್ಪನ್ನು ಎಚ್ಚರವಾಗಿಡುತ್ತದೆ. ಲ್ಯಾಪ್‌ಟಾಪಿನ ತಳ ಬಿಸಿಯಾಗುವುದು ಅಲ್ಲಿ.

ಮಲಗುವುದಕ್ಕೂ ಶಿಸ್ತು ಬೇಕು. ಎಲ್‌1ಕ್ಕೆ ಹೋಗಬೇಕೆಂದು ಮೊದಲು ಕೇಳುವುದು ಎಸ್‌ಎಸ್‌ಡಿಯಂಥ ಸಾಧನ. ಪ್ರೊಸೆಸರ್ ಕಡೆಯ ತುದಿ ಒಪ್ಪಬೇಕು, ಇಲ್ಲವೆ ಬೇಡ ಎನ್ನಬೇಕು. ಆದ್ದರಿಂದ ಲಿನಕ್ಸ್‌ನ ತಿರುಳಾದ ಕರ್ನಲ್ ಈ ನಿದ್ದೆಯ ಸೌಲಭ್ಯವನ್ನು ಮೊದಲು ಪ್ರೊಸೆಸರ್ ಕಡೆಯ ತುದಿಯಲ್ಲಿ ತೆರೆದು, ಆಮೇಲೆ ಸಾಧನದಲ್ಲಿ ತೆರೆಯಬೇಕು. ಮುಚ್ಚುವಾಗ ಮೊದಲು ಸಾಧನ, ಆಮೇಲೆ ಪ್ರೊಸೆಸರ್ ಕಡೆಯ ತುದಿ. ಜೇವರ್ಗಿಯಿಂದ ಕಲಬುರಗಿಗೆ ಹೊರಟ ಬಸ್ಸಿನಲ್ಲಿ ಡ್ರೈವರ್ ಬಂದು ಕೂತ ಮೇಲೆ ತಾನೆ ಕಂಡಕ್ಟರ್ ಸಿಳ್ಳೆ ಹಾಕುವುದು. ಈ ಕ್ರಮ ತಪ್ಪಿದರೆ ಕೇಳಿದವನಿಗೆ ಉತ್ತರ ಕೊಡುವವನೇ ಇರುವುದಿಲ್ಲ. ಕೊಂಡಿ ಕೆಡುತ್ತದೆ, ಡಿಸ್ಕ್ ಮಾಯವಾಗುತ್ತದೆ.

ಲಿನಕ್ಸ್ ಕರ್ನಲ್‌ನಲ್ಲಿ ಈ ಕೆಲಸಕ್ಕೆಂದೇ ಒಂದು ಕಡತವಿದೆ. ಇಂಟೆಲ್‌ನ ಎಂಜಿನಿಯರುಗಳು ಬರೆದು ಕೊಟ್ಟ ಅದು 2008ರಿಂದ ಕರ್ನಲ್‌ನ ಭಾಗ. ಅದರ ಚರಿತ್ರೆಯಲ್ಲಿ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. 2011ರ ಮಾರ್ಚ್‌ನಲ್ಲಿ ಕರ್ನಲ್‌ನ 2.6.38 ಆವೃತ್ತಿ ಬಂದದ್ದೇ ತಡ, ಹಲವು ಲ್ಯಾಪ್‌ಟಾಪ್‌ಗಳ ಬ್ಯಾಟರಿ ಬೇಗ ಇಳಿಯತೊಡಗಿತು. ಮೈಕೆಲ್ ಲಾರಾಬೆಲ್ ಎಂಬ ತಂತ್ರಜ್ಞಾನ ಪತ್ರಕರ್ತ ಮೀಟರ್ ಹಿಡಿದು, ಆವೃತ್ತಿಯಿಂದ ಆವೃತ್ತಿಗೆ ಅಳೆಯುತ್ತ, ಕೊಂಡಿಗಳ ನಿದ್ದೆ ಕೆಟ್ಟದ್ದೇ ಕಾರಣ ಎಂದು ಪತ್ತೆ ಹಚ್ಚಿದರು. ಆಗಿದ್ದಿಷ್ಟು: ಕರ್ನಲ್‌ಗಿಂತ ಮೊದಲು ಓಡಿ ಯಂತ್ರವನ್ನು ಸಿದ್ಧಪಡಿಸುವ ಬಯೋಸ್ ಕೆಲವು ಯಂತ್ರಗಳಲ್ಲಿ ತನ್ನ ಪಟ್ಟಿಯಲ್ಲಿ "ಈ ಯಂತ್ರದಲ್ಲಿ ಕೊಂಡಿ ನಿದ್ದೆಯನ್ನು ನೀನು ಚಾಲೂ ಮಾಡಬೇಡ" ಎಂದು ಬರೆದಿರುತ್ತದೆ. ಕರ್ನಲ್ ಅದನ್ನು "ನಿದ್ದೆ ಬಂದ್ ಮಾಡು" ಎಂದು ತಿಳಿದು, ಬಯೋಸ್ ಮೊದಲೇ ಸರಿಯಾಗಿ ಹೊಂದಿಸಿಟ್ಟದ್ದನ್ನೂ ಅಳಿಸಿಹಾಕುತ್ತಿತ್ತು. ಅದೇ ಯಂತ್ರದಲ್ಲಿ ವಿಂಡೋಸ್ ಹೇಗೆ ನಡೆದುಕೊಳ್ಳುತ್ತಿರಬೇಕು ಎಂದು ಕರ್ನಲ್ ಬರೆಯುವವರಲ್ಲಿ ಒಬ್ಬರಾದ ಮ್ಯಾಥ್ಯೂ ಗ್ಯಾರೆಟ್ ಯೋಚಿಸಿದರು. ಯಂತ್ರ ಪೂರ್ಣ ಅಧಿಕಾರ ಕೊಡದಿದ್ದರೆ ವಿಂಡೋಸ್ ಏನನ್ನೂ ಮುಟ್ಟುವುದಿಲ್ಲ, ಇದ್ದದ್ದನ್ನು ಇದ್ದಂತೆ ಬಿಡುತ್ತದೆ ಎಂಬುದು ಅವರ ತರ್ಕ. ಅವರ ತಿದ್ದುಪಡಿಯೊಂದಿಗೆ 2012ರ ಮಾರ್ಚ್‌ನಲ್ಲಿ 3.3 ಆವೃತ್ತಿ ಬಂತು.

"ಮುಟ್ಟಬೇಡ" ಎನ್ನುವುದೇ ಬೇರೆ, "ಆರಿಸು" ಎನ್ನುವುದೇ ಬೇರೆ. ಕರ್ನಲ್ ಬರೆದವರೇ ಒಂದು ವರ್ಷ ಎಡವಿದ ಈ ಕಲ್ಲಿಗೆ ಇವತ್ತಿಗೂ ಜನ ಎಡವುತ್ತಿದ್ದಾರೆ. ಯಂತ್ರ ಸ್ವಲ್ಪ ತೊಂದರೆ ಕೊಟ್ಟರೆ ಸಾಕು, ಯಾರೋ ಹೇಳಿದರೆಂದು, ಕರ್ನಲ್ ಶುರುವಾಗುವಾಗ ಓದುವ ಬೂಟ್ ಸಾಲಿನಲ್ಲಿ ಈ ನಿದ್ದೆಯ ಸೌಲಭ್ಯಕ್ಕೆ "ಆಫ್" ಎಂದು ಬರೆದು, ನಿದ್ದೆ ನಿಂತಿತು ಎಂದು ನಂಬುತ್ತಾರೆ. ಕರ್ನಲ್‌ನ ಕೈಪಿಡಿ ತೆಗೆದು ಓದಿ: ಆ ಆಫ್‌ನ ಅರ್ಥ "ಕರ್ನಲ್ ಇದನ್ನು ಮುಟ್ಟುವುದಿಲ್ಲ, ಬಯೋಸ್ ಮಾಡಿದ್ದು ಹಾಗೇ ಇರುತ್ತದೆ" ಎಂದಷ್ಟೇ. ನಿದ್ದೆ ನಿಜವಾಗಿಯೂ ನಿಲ್ಲಬೇಕಿದ್ದರೆ "ಪರ್ಫಾರ್ಮೆನ್ಸ್" ಎಂಬ ಬೇರೆ ಆಯ್ಕೆಯಿದೆ. "ಫೋರ್ಸ್" ಎಂದು ಬರೆದರೆ, ನಿದ್ದೆ ಬಾರದು ಎಂದ ಸಾಧನಗಳನ್ನೂ ಕರ್ನಲ್ ಬಲವಂತವಾಗಿ ಮಲಗಿಸುತ್ತದೆ. ಯಂತ್ರ ಸ್ತಬ್ಧವಾಗಬಹುದು ಎಂದು ಅದೇ ಕೈಪಿಡಿ ಎಚ್ಚರಿಸುತ್ತದೆ. ಓದದೆ ಅಂಟಿಸುವ ಈ ಚಾಳಿ ಮೂಢನಂಬಿಕೆಯೇ. ಡೆಸ್ಕ್‌ಟಾಪ್ ಮೇಲೆ ಹತ್ತು ಸಲ ರಿಫ್ರೆಶ್ ಒತ್ತಿದರೆ ಕಂಪ್ಯೂಟರ್ ಚುರುಕಾಗುತ್ತದೆ ಎಂಬ ನಂಬಿಕೆಯೂ ಇದೇ ಜಾತಿಯದು. ಚಿತ್ರಗಳನ್ನು ಹತ್ತು ಸಲ ಬರೆಸಿ, ಮಲಗಿದ್ದವರನ್ನು ಎಬ್ಬಿಸುವುದರಿಂದ ಯಾವ ಚುರುಕೂ ಬರುವುದಿಲ್ಲ.

ಹಾಗಾದರೆ ಎಲ್ಲ ಯಂತ್ರಗಳಲ್ಲೂ ಎಲ್ಲ ನಿದ್ದೆಯನ್ನೂ ಕರ್ನಲ್ಲೇ ಚಾಲೂ ಮಾಡಿಬಿಡಬಾರದೇ? 2025ರಲ್ಲಿ ಆ ಪ್ರಯತ್ನವೂ ನಡೆಯಿತು. ಮೊಬೈಲ್ ಚಿಪ್‌ಗಳ, ಸಣ್ಣ ಬೋರ್ಡ್‌ಗಳ ಲೋಕದಲ್ಲಿ ನಿದ್ದೆಯನ್ನು ಹೊಂದಿಸಿಕೊಡುವ ಬಯೋಸ್ ಸಾಮಾನ್ಯವಾಗಿ ಇರುವುದಿಲ್ಲ. ಅಂಥ ಯಂತ್ರಗಳಲ್ಲಿ ಎಲ್ಲ ಮಟ್ಟಗಳನ್ನೂ ತೆರೆಯುವ ಬದಲಾವಣೆಯನ್ನು ಕರ್ನಲ್ ಬರೆಯುವವರಲ್ಲಿ ಇನ್ನೊಬ್ಬರಾದ ಮಣಿವಣ್ಣನ್ ಸದಾಶಿವಂ 6.18 ಆವೃತ್ತಿಗೆಂದು ತಂದರು. ಕೆಲವು ಬೋರ್ಡ್‌ಗಳು ಕೆಟ್ಟು ನಿಂತವು. ಎಲ್‌1.1, ಎಲ್‌1.2ರ ನಿದ್ದೆಯಿಂದ ಏಳಲು "ಗಡಿಯಾರ ಬೇಕು" ಎಂದು ಹೇಳುವ ಒಂದು ಪ್ರತ್ಯೇಕ ತಂತಿ ಬೇಕು. ಬೋರ್ಡ್ ಮಾಡಿದವರು ಆ ತಂತಿಯನ್ನು ಎಳೆದೇ ಇಲ್ಲದಿದ್ದರೆ ಮಲಗಿದವನು ಏಳುವುದೇ ಇಲ್ಲ. ತಂತಿ ಇದೆಯೋ ಇಲ್ಲವೋ ಎಂಬುದು ಕರ್ನಲ್‌ಗೆ ತಾನಾಗಿ ತಿಳಿಯುವುದಿಲ್ಲ. ಕೊನೆಗೆ ಎಲ್‌0ಎಸ್, ಎಲ್‌1 ಮಾತ್ರ ತೆರೆದು, ಆಳದ ಮಟ್ಟಗಳನ್ನು ಕೈಬಿಟ್ಟರು. ಇದು ಸೋಲಲ್ಲ, ವಿವೇಕ.

ಜೇವರ್ಗಿಯ ಗೆಳೆಯರಿಗೆ ನನ್ನ ಸಲಹೆ ಇಷ್ಟು. ಮೊದಲು ಎಲ್‌ಎಸ್‌ಪಿಸಿಐ ಆಜ್ಞೆಯನ್ನು ವಿವರವಾಗಿ ತೋರಿಸುವಂತೆ ಓಡಿಸಿ, ಯಾವ ಕೊಂಡಿಯಲ್ಲಿ ನಿದ್ದೆ ಚಾಲೂ ಇದೆ, ಯಾವುದರಲ್ಲಿ ಇಲ್ಲ ಎಂದು ಬರೆದುಕೊಳ್ಳಿ. ಪವರ್‌ಟಾಪ್ ಎಂಬ ತಂತ್ರಾಂಶದಲ್ಲಿ ಬ್ಯಾಟರಿಯ ಖರ್ಚು ನೋಡಿ. ಬಯೋಸ್ ಹಳೆಯದಾಗಿದ್ದರೆ ಹೊಸದು ಹಾಕಿ. ಒಂದು ಸಲಕ್ಕೆ ಒಂದೇ ಕೊಂಡಿಯ ನಿದ್ದೆ ಬದಲಿಸಿ, ಮತ್ತೆ ಅಳೆಯಿರಿ. ಈಗಿನ ಕರ್ನಲ್‌ಗಳು ಒಂದೊಂದು ಸಾಧನಕ್ಕೂ ಬೇರೆ ಬೇರೆ ಸ್ವಿಚ್ ಕೊಟ್ಟಿವೆ. ಬಲವಂತದ ಆಯ್ಕೆಯ ತಂಟೆಗೆ ಹೋಗಬೇಡಿ. ಇದನ್ನೆಲ್ಲ ಕಲಿಯಲು ದೂರ ಹೋಗಬೇಕಿಲ್ಲ, ನಿಮ್ಮದೇ ಜಿಲ್ಲೆಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಕರ್ನಲ್‌ನ ಈ ಕಡತ ಯಾರು ಬೇಕಾದರೂ ತೆರೆದು ಓದಬಹುದಾದದ್ದು, ತಿದ್ದುಪಡಿ ಕಳಿಸಬಹುದಾದದ್ದು. ಮುಂದಿನ ತಿದ್ದುಪಡಿ ಆಳಂದದಿಂದಲೋ ಅಫಜಲಪುರದಿಂದಲೋ ಜೇವರ್ಗಿಯಿಂದಲೋ ಹೋಗಬಾರದೇಕೆ? ಅಳೆಯಿರಿ, ಓದಿ, ಆಮೇಲೆ ಕೈಹಾಕಿ.