ಗಣಕಯಂತ್ರದ ವೇಗವರ್ಧನೆಯೂ ಉಷ್ಣತೆಯ ಮಿತಿಯೂ

ಗಣಕಯಂತ್ರದ ಪ್ರೊಸೆಸರು ತನ್ನ ಪ್ರತಿಯೊಂದು ಕಾರ್ಯವನ್ನೂ ಒಂದು ಗಡಿಯಾರದ ಮಿಡಿತಕ್ಕನುಸಾರವಾಗಿ ನಡೆಸುತ್ತದೆ. ತಯಾರಕರು ಗೊತ್ತುಪಡಿಸಿದ ಮಿಡಿತಕ್ಕಿಂತ ಹೆಚ್ಚಿನ ಮಿಡಿತದಲ್ಲಿ ಅದನ್ನು ನಡೆಸುವ ಕ್ರಮಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ದಿನಗಟ್ಟಲೆ ನಡೆಯುವ ಲೆಕ್ಕಗಳನ್ನು ಯಂತ್ರಕ್ಕೆ ಒಪ್ಪಿಸುವವರಿಗೆ ಇದರ ಆಕರ್ಷಣೆ ಸಹಜವೇ ಆಗಿದೆ. ಆದರೆ ವೇಗ ಹೆಚ್ಚಿದಂತೆ ಶಾಖವು ಯಾವ ಪ್ರಮಾಣದಲ್ಲಿ ಹೆಚ್ಚುತ್ತದೆ, ನಾವು ಎಲ್ಲಿ ನಿಲ್ಲಬೇಕು ಎಂಬೆರಡು ಪ್ರಶ್ನೆಗಳಿಗೆ ಉತ್ತರವನ್ನರಿಯದೆ ಇದಕ್ಕೆ ಕೈಹಾಕುವುದು ಉಚಿತವಲ್ಲ. ಅವುಗಳನ್ನೇ ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲು ಒಂದು ಪ್ರಸಿದ್ಧ ಉದಾಹರಣೆಯನ್ನು ನೋಡೋಣ. 1998ರಲ್ಲಿ ಇಂಟೆಲ್ ಸಂಸ್ಥೆಯು ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಹೊರತಂದಿತು. ಮದರ್‌ಬೋರ್ಡಿನ ಸುಮಾರು 66 ಮೆಗಾಹರ್ಟ್ಸ್ ಮಿಡಿತವನ್ನು ಅದು ನಾಲ್ಕೂವರೆ ಪಟ್ಟು ಮಾಡಿಕೊಂಡು 300 ಮೆಗಾಹರ್ಟ್ಸ್ ವೇಗದಲ್ಲಿ ನಡೆಯುತ್ತಿತ್ತು. ಮದರ್‌ಬೋರ್ಡಿನ ಮಿಡಿತವನ್ನು 100ಕ್ಕೆ ಏರಿಸಿದೊಡನೆ ಅದೇ ಪ್ರೊಸೆಸರು 450 ಮೆಗಾಹರ್ಟ್ಸ್ ಮುಟ್ಟುತ್ತಿತ್ತು. ಎಲ್ಲವೂ ಅಲ್ಲದಿದ್ದರೂ ಅನೇಕವು ಈ ವೇಗದಲ್ಲಿ ಕುಂದಿಲ್ಲದೆ ನಡೆದವು. ತಯಾರಕರು ಮುದ್ರಿಸುವ ವೇಗವು ಎಲ್ಲ ಪ್ರತಿಗಳೂ ನಿಶ್ಚಯವಾಗಿ ಸಾಧಿಸಬಲ್ಲ ವೇಗ. ಅದಕ್ಕೂ ನಿಜವಾದ ಸಾಮರ್ಥ್ಯಕ್ಕೂ ನಡುವೆ ಅಂತರವಿರುತ್ತದೆ. ಈ ಅಂತರವೇ ಓವರ್‌ಕ್ಲಾಕಿಂಗಿನ ಬಂಡವಾಳ. ಇಂದಿನ ಪ್ರೊಸೆಸರುಗಳು ಅವಕಾಶವಿದ್ದಾಗ ತಾವಾಗಿಯೇ ವೇಗವನ್ನೇರಿಸಿಕೊಳ್ಳುವುದರಿಂದ ಆ ಬಂಡವಾಳ ಬಹುಮಟ್ಟಿಗೆ ಮೊದಲೇ ವ್ಯಯವಾಗಿರುತ್ತದೆಂಬುದನ್ನು ಮರೆಯಲಾಗದು.

ಇನ್ನು ಶಾಖದ ವಿಚಾರ. ಪ್ರೊಸೆಸರಿನ ಕೋಟ್ಯಂತರ ಟ್ರಾನ್ಸಿಸ್ಟರುಗಳು ಸ್ಥಿತಿ ಬದಲಿಸಿದಾಗಲೆಲ್ಲ ವಿದ್ಯುತ್ತು ವ್ಯಯವಾಗಿ ಶಾಖವಾಗುತ್ತದೆ. ಹೀಗೆ ವ್ಯಯವಾಗುವ ಶಕ್ತಿಯು ಮಿಡಿತದ ವೇಗಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಇರುತ್ತದೆ. ವೇಗವನ್ನು ಮಾತ್ರ ಶೇಕಡ 10ರಷ್ಟು ಹೆಚ್ಚಿಸಿದರೆ ಶಾಖವೂ ಶೇಕಡ 10ರಷ್ಟೇ ಹೆಚ್ಚುತ್ತದೆ. ಆದರೆ ಹೆಚ್ಚಿನ ವೇಗಕ್ಕೆ ಟ್ರಾನ್ಸಿಸ್ಟರುಗಳು ಓಗೊಡಬೇಕಾದರೆ ಒಂದು ಹಂತದಾಚೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಅದನ್ನೂ ಶೇಕಡ 10ರಷ್ಟು ಏರಿಸಿದೆವೆನ್ನಿ. ಆಗ ಶಾಖವು ಶೇಕಡ 33ರಷ್ಟು ಹೆಚ್ಚುತ್ತದೆ. ಅಲ್ಲದೆ, ಬಿಸಿಯಾದ ಸಿಲಿಕಾನಿನಲ್ಲಿ ವಿದ್ಯುತ್ತಿನ ಸೋರಿಕೆ ಹೆಚ್ಚು. ಸೋರಿಕೆಯಿಂದ ಮತ್ತಷ್ಟು ಶಾಖ. ಪಡೆಯುವ ವೇಗವು ಮೆಟ್ಟಿಲಿನಂತೆ ಏರಿದರೆ ತೆರುವ ಬೆಲೆಯು ಕಡಿದಾದ ಗುಡ್ಡದಂತೆ ಏರುವುದೆಂಬುದು ಇದರ ತಾತ್ಪರ್ಯ.

ಈ ಶಾಖವು ಸಿಲಿಕಾನಿನಿಂದ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಶಾಖವಾಹಕ ಲೇಪದ ಮೂಲಕ ಲೋಹದ ರೆಕ್ಕೆಗಳುಳ್ಳ ಹೀಟ್‌ಸಿಂಕಿಗೆ, ಕೊನೆಗೆ ಫ್ಯಾನಿನ ಗಾಳಿಗೆ ಸಾಗಬೇಕು. ಈ ಮಾರ್ಗದ ಒಟ್ಟು ಅಡಚಣೆಯು ಪ್ರತಿ ವಾಟಿಗೆ ಅರ್ಧ ಡಿಗ್ರಿ ಎಂದು ಭಾವಿಸೋಣ. ಕೊಠಡಿಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ 100 ವಾಟ್ ವ್ಯಯಿಸುವ ಪ್ರೊಸೆಸರು 75 ಡಿಗ್ರಿಯಲ್ಲಿರುತ್ತದೆ. ಮೇಲಿನ ಲೆಕ್ಕದಂತೆ ಅದು 133 ವಾಟ್ ವ್ಯಯಿಸತೊಡಗಿದರೆ ಸುಮಾರು 92 ಡಿಗ್ರಿ ಮುಟ್ಟುತ್ತದೆ. ಬೇಸಗೆಯಲ್ಲಿ ಕೊಠಡಿಯೇ 35 ಡಿಗ್ರಿ ತಲುಪಿದರೆ ಇದು 102 ಆಗಬೇಕು. ಇಂಟೆಲ್ಲಿನ ಅನೇಕ ಪ್ರೊಸೆಸರುಗಳ ಮಿತಿ 100 ಡಿಗ್ರಿ. ಎಎಮ್‌ಡಿಯ ರೈಜೆನ್ ಶ್ರೇಣಿಯಲ್ಲಿ ಹಲವಕ್ಕೆ 95. ಮಿತಿ ಮುಟ್ಟಿದೊಡನೆ ಯಂತ್ರವು ತಾನೇ ವೇಗವನ್ನು ತಗ್ಗಿಸಿಕೊಳ್ಳುವುದರಿಂದ ಪಟ್ಟ ಶ್ರಮವೆಲ್ಲ ವ್ಯರ್ಥ. ಜನವರಿಯ ರಾತ್ರಿ ಸರಿಯೆನಿಸಿದ ವ್ಯವಸ್ಥೆಯು ಕಲಬುರಗಿಯ ಮೇ ತಿಂಗಳ ಮಧ್ಯಾಹ್ನಕ್ಕೆ ಸಲ್ಲದಿರಬಹುದು. ಆದುದರಿಂದ ಪರೀಕ್ಷೆಯನ್ನು ಆಯಾ ಊರಿನ ಅತ್ಯುಷ್ಣ ಕಾಲವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಡೆಸತಕ್ಕದ್ದು.

ಕಾರ್ಯಕ್ರಮವು ಹೀಗಿರಬೇಕೆಂದು ನಮ್ಮ ಅಭಿಪ್ರಾಯ. ಮೊದಲು ಯಾವ ಬದಲಾವಣೆಯನ್ನೂ ಮಾಡದೆ, ಪೂರ್ಣ ಹೊರೆಯಲ್ಲಿ ಅರ್ಧ ಗಂಟೆ ನಡೆಸಿ ಉಷ್ಣತೆಯನ್ನು ಗುರುತುಹಾಕಿಕೊಳ್ಳಬೇಕು. ಅನಂತರ ವೋಲ್ಟೇಜನ್ನು ಮುಟ್ಟದೆ ಗುಣಕವನ್ನು ಒಂದೊಂದೇ ಹಂತವಾಗಿ ಏರಿಸಿ ಪ್ರತಿ ಹಂತದಲ್ಲಿಯೂ ಅಳತೆಯನ್ನು ಪುನಃ ಮಾಡಬೇಕು. ಯಂತ್ರ ತಡವರಿಸಿದಾಗ ಮಾತ್ರ ವೋಲ್ಟೇಜನ್ನು ಅತ್ಯಲ್ಪವಾಗಿ ಏರಿಸಬಹುದು. ಉಷ್ಣತೆಯು ಮಿತಿಗಿಂತ 15 ಡಿಗ್ರಿ ಕೆಳಗಿರುವಾಗಲೇ ನಿಲ್ಲುವುದು ಲೇಸು.

ಯಂತ್ರ ನಿಲ್ಲದೆ ನಡೆಯಿತೆಂದ ಮಾತ್ರಕ್ಕೆ ಅದು ಸರಿಯಾಗಿ ನಡೆಯಿತೆಂದು ಹೇಳುವಂತಿಲ್ಲ. ಇದೇ ಈ ವಿಷಯದ ಮುಖ್ಯ ಅಂಶ. ಮಿಡಿತ ಅತಿಯಾದಾಗ ಒಂದು ಸಂಕೇತವು ತಲುಪಬೇಕಾದ ವೇಳೆಗೆ ತಲುಪದೆ, ಸೊನ್ನೆಯು ಒಂದಾಗಿಯೋ ಒಂದು ಸೊನ್ನೆಯಾಗಿಯೋ ದಾಖಲಾಗಬಹುದು. ಆಗ ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡದೆ ತಪ್ಪು ಉತ್ತರವನ್ನು ಮುಂದಿಡುತ್ತದೆ. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳ ಶೋಧಕ್ಕಾಗಿ ಜಾರ್ಜ್ ವೋಲ್ಟ್‌ಮನ್ ರೂಪಿಸಿದ ಪ್ರೈಮ್95 ಎಂಬ ಕ್ರಮವಿಧಿಯು ಇಲ್ಲಿ ಉಪಯುಕ್ತ. ಅದು ಮೊದಲೇ ಉತ್ತರ ಗೊತ್ತಿರುವ ಲೆಕ್ಕಗಳನ್ನು ಮಾಡಿಸಿ ಹೋಲಿಸುತ್ತದೆ. ಅಲ್ಲಿ ಒಂದೇ ಒಂದು ದೋಷ ಕಂಡರೂ ಹಿಂದಿನ ಹಂತಕ್ಕೆ ಇಳಿಯಬೇಕು.

ಆಯುಸ್ಸಿನ ಪ್ರಶ್ನೆಯೂ ಇದೆ. ವಿದ್ಯುತ್ ಪ್ರವಾಹದ ಒತ್ತಡಕ್ಕೆ ಸಿಕ್ಕಿ ತಂತಿಯ ಲೋಹದ ಪರಮಾಣುಗಳು ಕ್ರಮೇಣ ಸ್ಥಳಾಂತರಗೊಳ್ಳುತ್ತವೆ. ಉಷ್ಣತೆ ಏರಿದಂತೆ ಈ ಸವೆತ ಬಹು ಬೇಗ ಹೆಚ್ಚುತ್ತದೆಂಬುದನ್ನು ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿಯೇ ಸೂತ್ರರೂಪದಲ್ಲಿ ತೋರಿಸಿದನು. ಅತಿಯಾದ ವೋಲ್ಟೇಜಿನ ಹಾನಿಯು ಓವರ್‌ಕ್ಲಾಕಿಂಗ್ ಮಾಡುವವರಿಗೆ ಮಾತ್ರ ಮೀಸಲಲ್ಲ. 2024ರಲ್ಲಿ ಇಂಟೆಲ್ಲಿನ 13 ಮತ್ತು 14ನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳು ಅಸ್ಥಿರವಾದಾಗ, ಅವು ಬೇಕಾದುದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಪಡೆಯುತ್ತಿದ್ದುದು ಕಾರಣವೆಂದು ಆ ಸಂಸ್ಥೆಯೇ ತಿಳಿಸಿ, ತಿದ್ದುಪಡಿಯನ್ನು ಹೊರಡಿಸಬೇಕಾಯಿತು.

ಒಟ್ಟಿನಲ್ಲಿ, ವೇಗದಿಂದ ಉಳಿಯುವುದು ಕೆಲವು ಗಂಟೆಗಳು. ತಪ್ಪು ಅಂಕಿಯಿಂದ ಕೆಡುವುದು ಇಡೀ ಸಂಶೋಧನೆ. ಆಟಕ್ಕೋ ಅಭ್ಯಾಸಕ್ಕೋ ಬಳಸುವ ಯಂತ್ರದಲ್ಲಿ ಈ ಪ್ರಯೋಗವನ್ನು ಎಚ್ಚರಿಕೆಯಿಂದ ನಡೆಸುವುದರಲ್ಲಿ ಬಾಧಕವಿಲ್ಲ; ಅದರಿಂದ ಕಲಿಯುವುದೂ ಬಹಳವಿದೆ. ಪ್ರಕಟಣೆಗೆ ಹೋಗುವ ಫಲಿತಾಂಶಗಳನ್ನು ಕೊಡುವ ಯಂತ್ರವನ್ನು ಮಾತ್ರ ತಯಾರಕರು ಗೊತ್ತುಪಡಿಸಿದ ವೇಗದಲ್ಲಿಯೇ ಬಿಟ್ಟು, ಅದರ ಫ್ಯಾನಿನ ಧೂಳನ್ನು ಕಾಲಕಾಲಕ್ಕೆ ತೆಗೆಯುವುದು ಮೇಲೆಂದು ನಾವು ಭಾವಿಸುತ್ತೇವೆ.