ವಯಸ್ಕರ ಅಂತರ್ಜಾಲ ತರಬೇತಿ: ಜೊಯಿಡಾದ ಜನಪದ ಕಲಿಕೆಯ ನೆಲೆಗಳು

1980ರ ದಶಕದಲ್ಲಿ ಕಾಳಿ ನದಿಯ ಅಣೆಕಟ್ಟೆಯ ಹಿನ್ನೀರಿನಲ್ಲಿ ಸೂಪಾ ಮುಳುಗಡೆಯಾಗಿ, ಜೊಯಿಡಾ ತಾಲೂಕು ಕೇಂದ್ರವಾಯಿತು. ಈ ಕಾಡುಸೀಮೆಯ ಕುಣಬಿ ಸಮುದಾಯದ ಮನೆಮಾತು ಕೊಂಕಣಿ. ಗೆಡ್ಡೆ-ಗೆಣಸಿನ ಕೃಷಿ ಅದರ ವಿಶಿಷ್ಟ ಪರಂಪರೆ. ನೆಡುವ ಗೆಡ್ಡೆಯನ್ನು ಆರಿಸುವುದು, ಕಾಪಿಡುವುದು, ಹದವರಿತು ನೆಡುವುದು ಇವೆಲ್ಲ ಹಿರಿಯರ ಜೊತೆಗೂಡಿ ಮಾಡುತ್ತ ಕಲಿತ ವಿದ್ಯೆಗಳು. ಇಲ್ಲಿ ಪಾಠ ಮತ್ತು ಪರೀಕ್ಷೆ ಬೇರೆಬೇರೆಯಲ್ಲ, ಬೆಳೆಯೇ ಫಲಿತಾಂಶ.

ವಯಸ್ಕರು ಅನುಭವವನ್ನು ಹೊತ್ತು ಬರುತ್ತಾರೆ, ಬದುಕಿನ ಸಮಸ್ಯೆಗಳಿಗೆ ಉತ್ತರ ಬಯಸುತ್ತಾರೆ ಎಂಬ ಅಮೆರಿಕದ ಶಿಕ್ಷಣತಜ್ಞ ಮಾಲ್ಕಮ್ ನೋಲ್ಸ್ ಅವರ ಪ್ರತಿಪಾದನೆ ಈ ಕ್ರಮಕ್ಕೆ ಸಮೀಪವಾದುದು. 15 ವರ್ಷ ಮೇಲ್ಪಟ್ಟವರಿಗಾಗಿ 2022ರಲ್ಲಿ ಮಂಜೂರಾದ ನವಭಾರತ ಸಾಕ್ಷರತಾ ಕಾರ್ಯಕ್ರಮವು ಅಂತರ್ಜಾಲ ಕಲಿಕೆಗೂ ಅವಕಾಶ ಕಲ್ಪಿಸಿದೆ. ಆದರೆ ಅಚ್ಚಿನ ಪಠ್ಯವನ್ನೇ ಪರದೆಗೆ ಏರಿಸಿದ ಮಾತ್ರಕ್ಕೆ ಅದು ತರಬೇತಿಯಾಗದು.

ಇಂಥ ಸೀಮೆಗೆ ರೂಪಿಸುವ ಪ್ರತಿಯೊಂದು ಪಾಠವೂ ಒಂದೇ ಕೆಲಸವನ್ನು ಕುರಿತು ಕೆಲವೇ ನಿಮಿಷಗಳದ್ದಾಗಿರಬೇಕು. ಕನ್ನಡ ಬರಹದೊಡನೆ ಕೊಂಕಣಿ ಧ್ವನಿ ಇರಬೇಕು. ಸಂಪರ್ಕ ಸಿಗುವಲ್ಲಿ ಇಳಿಸಿಕೊಂಡ ಪಾಠವನ್ನು ಸಿಗದ ಊರಿನಲ್ಲಿ ನಾಲ್ವರು ಒಂದೇ ಮೊಬೈಲಿನ ಸುತ್ತ ಕುಳಿತು ನೋಡುವಂತಿರಬೇಕು. ನಾಟಿ, ಕೊಯ್ಲಿನ ದಿನಗಳಲ್ಲಿ ಗಡುವು ಸಲ್ಲದು. ಪ್ರಶ್ನೆಪತ್ರಿಕೆಗಿಂತ, ಮಾಡಿದ ಕೆಲಸವನ್ನು ತೋರಿಸಿ ವಿವರಿಸುವುದೇ ಮೌಲ್ಯಮಾಪನವಾಗಬೇಕು. ಹಿರಿಯರ ತಿಳಿವಳಿಕೆಯೂ ಪಾಠದಲ್ಲಿ ಸೇರಬೇಕು.

ಗೆಡ್ಡೆಯ ಗುಣವನ್ನು ಕಣ್ಣಳತೆಯಲ್ಲೇ ಹೇಳಬಲ್ಲ ಹಿರಿಯ ಮಹಿಳೆಯನ್ನು ವ್ಯವಸ್ಥೆಯು ಕೇವಲ ಅನಕ್ಷರಸ್ಥೆಯೆಂದು ನೋಂದಾಯಿಸಿದರೆ, ಕಲಿಸುವ ಭರದಲ್ಲಿ ತಲೆಮಾರುಗಳು ಕಲಿತದ್ದನ್ನೇ ಅಳಿಸಿದಂತಾದೀತು.