ಹನ್ನೆರಡು ಮಿಲಿಮೀಟರ್ ಎತ್ತರದ ಜಗಲಿ

ರೈಲಿಗಾಗಿ ಕಾಯುವವನು ಗಡಿಯಾರವನ್ನು ನೋಡುತ್ತಾನೆ, ಕೈಮರವನ್ನು ನೋಡುತ್ತಾನೆ, ಗಾಡಿ ಬರುವ ದಿಕ್ಕಿಗೆ ಕತ್ತು ಚಾಚಿ ನೋಡುತ್ತಾನೆ. ತಾನು ನಿಂತಿರುವ ಪ್ಲಾಟ್‌ಫಾರಮ್ಮನ್ನು ಮಾತ್ರ ನೋಡುವುದಿಲ್ಲ. ಗಾಡಿಗೂ ಮನುಷ್ಯನಿಗೂ ನಡುವೆ ಸಂಧಾನ ಮಾಡಿಸುವ ಆ ಉದ್ದನೆಯ ಜಗಲಿ, ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವಷ್ಟು ಕಾಲ ಯಾರ ಗಮನಕ್ಕೂ ಬಾರದು. ಅದನ್ನು ಕಣ್ಣಿಟ್ಟು ನೋಡುವವರು ಇಬ್ಬರೇ ಎನ್ನಬೇಕು: ಅದನ್ನು ಕಟ್ಟುವ ಎಂಜಿನಿಯರು ಒಬ್ಬ, ಅದನ್ನೇ ಮೇಜಿನ ಮೇಲೆ ಗೇಣಗಲದಲ್ಲಿ ಮತ್ತೆ ಕಟ್ಟುವ ಹವ್ಯಾಸಿ ಇನ್ನೊಬ್ಬ.

ಪುಟ್ಟ ರೈಲುಗಳನ್ನು ಮಾಡಿ ಓಡಿಸುವುದು ಇಂಗ್ಲೆಂಡಿನಲ್ಲಿ ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರ ಹವ್ಯಾಸ. ಅಲ್ಲಿ ಬಹು ಜನ ಅನುಸರಿಸುವ ಪ್ರಮಾಣ, ಒಂದು ಅಡಿಗೆ ನಾಲ್ಕು ಮಿಲಿಮೀಟರ್. ಆರಡಿಯ ಆಳು ಇಲ್ಲಿ 24 ಮಿಲಿಮೀಟರಿನ ಗೊಂಬೆ. ಅಂಗಡಿಯಲ್ಲಿ ಸಿದ್ಧವಾದ ಪ್ಲಾಟ್‌ಫಾರಂ ತುಂಡುಗಳು ದೊರೆಯುತ್ತವೆ, ನಿಜ. ಆದರೆ ತನ್ನ ನೆನಪಿನಲ್ಲಿರುವ ಒಂದು ಸ್ಟೇಷನ್ನನ್ನೇ ಕಟ್ಟಬೇಕೆಂದು ಹಟ ತೊಟ್ಟವನಿಗೆ ಅವು ಸಾಲವು. ಆತ ರಟ್ಟು, ತೆಳು ಪ್ಲೈವುಡ್, ಅಂಟು, ಚೂರಿಗಳನ್ನು ಮುಂದಿಟ್ಟುಕೊಂಡು ಕೂರುತ್ತಾನೆ.

ಕೂತೊಡನೆ ಎದುರಾಗುವ ಮೊದಲ ಪ್ರಶ್ನೆ ಉದ್ದದ್ದು. ಅಲ್ಲಿನ ಪ್ರಯಾಣಿಕರ ಬೋಗಿ ಸುಮಾರು 64 ಅಡಿ ಉದ್ದವೆಂದಿಟ್ಟುಕೊಂಡರೆ ಈ ಪ್ರಮಾಣದಲ್ಲಿ ಅದು 256 ಮಿಲಿಮೀಟರ್. ಎಂಟು ಬೋಗಿಗಳ ಗಾಡಿಗೆ ಎರಡು ಮೀಟರಿಗೂ ಮಿಕ್ಕ ಪ್ಲಾಟ್‌ಫಾರಂ ಬೇಕು. ಅಷ್ಟು ಜಾಗ ಯಾರ ಮನೆಯಲ್ಲಿದೆ? ಆದುದರಿಂದ ಗಾಡಿ ನಾಲ್ಕು ಬೋಗಿಗಿಳಿಯುತ್ತದೆ, ಪ್ಲಾಟ್‌ಫಾರಂ ಅರ್ಧವಾಗುತ್ತದೆ. ನೋಡುವವನ ಕಣ್ಣು ಇದನ್ನು ಕ್ಷಮಿಸುತ್ತದೆ. ಕ್ಷಮಿಸಬೇಕಾದುದು ಇದೊಂದೇ ಅಲ್ಲ. ಹಳಿಗಳ ನಡುವಿನ ಅಂತರ ಲೆಕ್ಕದಂತೆ 18.83 ಮಿಲಿಮೀಟರ್ ಇರಬೇಕು, ಬಳಕೆಯಲ್ಲಿರುವುದು 16.5. ತಲೆಮಾರುಗಳಿಂದ ಸಾವಿರಾರು ಜನ ಈ ಸುಳ್ಳಿನ ಮೇಲೆಯೇ ರೈಲು ಓಡಿಸಿ ಸುಖವಾಗಿದ್ದಾರೆ.

ಆದರೆ ಎತ್ತರದ ವಿಷಯದಲ್ಲಿ ಕಣ್ಣು ಹೀಗೆ ಉದಾರವಾಗಿಲ್ಲ. ಬ್ರಿಟನ್ನಿನಲ್ಲಿ ಪ್ಲಾಟ್‌ಫಾರಮ್ಮಿನ ಪ್ರಮಾಣಿತ ಎತ್ತರ ಹಳಿಯ ಮೇಲ್ಮೈಯಿಂದ 915 ಮಿಲಿಮೀಟರ್, ಅಂದರೆ ಮೂರು ಅಡಿ. ಮಾದರಿಯಲ್ಲಿ ಅದು 12 ಮಿಲಿಮೀಟರ್. ಹೊಸಬ ಈ ಹನ್ನೆರಡನ್ನು ಹಲಗೆಯಿಂದಲೇ ಅಳೆದುಬಿಡುತ್ತಾನೆ. ಸ್ಲೀಪರು ಮತ್ತು ಹಳಿಯ ದಪ್ಪವನ್ನು ಕೂಡಿಸಲು ಮರೆತ ಫಲವಾಗಿ ಗಾಡಿ ಬಂದು ನಿಂತಾಗ ಬಾಗಿಲುಗಳೆಲ್ಲ ಆಕಾಶದಲ್ಲಿರುತ್ತವೆ. ಪ್ರಯಾಣಿಕ ಗೊಂಬೆಗಳು ಕೈಲಾಗದೆ ಕೆಳಗೆ ನಿಂತಿರುತ್ತವೆ. ಆಗ ಇಡೀ ಸ್ಟೇಷನ್ನು ಆಟಿಕೆಯಾಗಿಬಿಡುತ್ತದೆ.

ಇದಕ್ಕಿಂತ ಕಠಿಣವಾದದ್ದು ತಿರುವು. ಬೋಗಿ ಬಾಗುವುದಿಲ್ಲ, ಹಳಿ ಬಾಗುತ್ತದೆ. ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೂ ಎರಡು ತುದಿಗಳು ಹೊರಕ್ಕೂ ಚಾಚುತ್ತವೆ. ಎರಡಡಿ ತ್ರಿಜ್ಯದ ತಿರುವಿನಲ್ಲಿ, ಮೇಲೆ ಹೇಳಿದ ಬೋಗಿಯ ನಡುಭಾಗ ಸುಮಾರು 7 ಮಿಲಿಮೀಟರ್ ಒಳಸರಿಯುತ್ತದೆ. ಅದು ಉಜ್ಜದಂತೆ ಪ್ಲಾಟ್‌ಫಾರಮ್ಮಿನ ಅಂಚನ್ನು ಅಷ್ಟು ಹಿಂದಕ್ಕೆ ಸರಿಸಿದರೆ, ತುದಿಯ ಬಾಗಿಲುಗಳ ಮುಂದೆ ಕಂದರ ಬಾಯ್ದೆರೆಯುತ್ತದೆ. ಏಳು ಮಿಲಿಮೀಟರೆಂದರೆ ನಿಜಲೋಕದಲ್ಲಿ ಒಂದೂಮುಕ್ಕಾಲು ಅಡಿ. ಎಳೆಯ ಮಗು ಜಾರಿ ಬೀಳಬಹುದಾದ ಸಂದಿ. 1960ರ ದಶಕದ ಕೊನೆಯಲ್ಲಿ ಲಂಡನ್ನಿನ ಸುರಂಗ ರೈಲು 'ಸಂದಿಯ ಕಡೆ ಗಮನವಿರಲಿ' ಎಂದು ಧ್ವನಿಮುದ್ರಿಕೆಯಲ್ಲಿ ಸಾರತೊಡಗಿದ್ದು ಇಂಥ ಬಾಗಿದ ಪ್ಲಾಟ್‌ಫಾರಮ್ಮುಗಳ ದೆಸೆಯಿಂದಲೇ. ಅನುಭವಿಯಾದ ಹವ್ಯಾಸಿ ಅತಿ ಉದ್ದದ ಬೋಗಿಗೆ ಪೆನ್ಸಿಲು ಕಟ್ಟಿ ತಿರುವಿನುದ್ದಕ್ಕೂ ನಿಧಾನವಾಗಿ ತಳ್ಳುತ್ತಾನೆ. ಹಲಗೆಯ ಮೇಲೆ ಮೂಡಿದ ಗೆರೆಯಿಂದ ಕೂದಲೆಳೆಯಷ್ಟು ಆಚೆಗೆ ರಟ್ಟನ್ನು ಕತ್ತರಿಸುತ್ತಾನೆ.

ಉಳಿದದ್ದು ತಾಳ್ಮೆಯ ಕೆಲಸ. ನಿಲುವು ಗೋಡೆಗಳ ನಡುವೆ ಅಡ್ಡಪಟ್ಟಿಗಳನ್ನು ಕೊಡದಿದ್ದರೆ ಮೇಲಿನ ರಟ್ಟು ವರ್ಷದೊಳಗೆ ಸೊಟ್ಟಗಾಗುತ್ತದೆ. ಅಂಚುಗಲ್ಲುಗಳ ಸಂದುಗಳನ್ನು ಮೊಂಡು ಸೂಜಿಯಿಂದ ಗೀರಬೇಕು. ಡಾಂಬರು ನೆಲಕ್ಕೆ ನಯವಾದ ಉಪ್ಪುಕಾಗದ ಹೊಂದುತ್ತದೆ. ತುದಿಯ ಇಳಿಜಾರು ಎಂಟಕ್ಕೆ ಒಂದರಂತೆ ಇಳಿಯಬೇಕು. 12 ಮಿಲಿಮೀಟರ್ ಇಳಿಯಲು 96 ಮಿಲಿಮೀಟರ್ ಬೇಕು. ಜಾಗ ಉಳಿಸಲೆಂದು ಅದನ್ನು ಕಡಿದಾಗಿಸಿದರೆ, ಸಾಮಾನಿನ ಗಾಡಿ ತಳ್ಳುವ ಕೂಲಿಯವನ ಬೆನ್ನು ಮುರಿಯುತ್ತದೆ, ಆತ ಗೊಂಬೆಯೇ ಆಗಿರಲಿ.

ಈ ಲೆಕ್ಕಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ನಿಯಮ ಹೊಳೆಯುತ್ತದೆ. ಉದ್ದ ರೈಲ್ವೆಯ ಸೊತ್ತು, ಅದನ್ನು ಕುಗ್ಗಿಸಬಹುದು. ಎತ್ತರ, ಸಂದಿ, ಇಳಿಜಾರುಗಳು ಮನುಷ್ಯನ ಹೆಜ್ಜೆಗೆ ಸೇರಿದವು, ಅವನ್ನು ಕುಗ್ಗಿಸುವಂತಿಲ್ಲ. ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಕೂಡದು ಎಂಬ ವಿವೇಕವೇ ಕಿರಿದಾಗಿಸುವ ಕಲೆಯ ಜೀವಾಳ.

ಇದನ್ನು ಚೆನ್ನಾಗಿ ಬಲ್ಲವನು ಜಾನ್ ಅಹರ್ನ್. 1930ರ ದಶಕದ ಕೊನೆಯ ಭಾಗದಲ್ಲಿ ಆತ ಕಟ್ಟಲಾರಂಭಿಸಿದ ಮ್ಯಾಡರ್ ವ್ಯಾಲಿ ಎಂಬ ಕಲ್ಪಿತ ಮಾರ್ಗದಲ್ಲಿ ರೈಲಿಗಿಂತ ಊರು, ಅಂಗಡಿ, ಬಂದರುಗಳದೇ ವೈಭವ. ಆತ 1961ರಲ್ಲಿ ತೀರಿಕೊಂಡ ಮೇಲೆ ಅದು ಆಕ್ಸ್‌ಫರ್ಡ್‌ಷೈರಿನ ಪೆಂಡನ್ ವಸ್ತುಸಂಗ್ರಹಾಲಯವನ್ನು ಸೇರಿತು. 1954ರಲ್ಲಿ ಪೆಂಡನ್ನನ್ನು ಸ್ಥಾಪಿಸಿದ ರಾಯ್ ಇಂಗ್ಲೆಂಡ್ ಆಸ್ಟ್ರೇಲಿಯದಿಂದ ಬಂದವನು. ಕಣ್ಣೆದುರೇ ಮಾಯವಾಗುತ್ತಿದ್ದ ಹುಲ್ಲುಮಾಡಿನ ಹಳ್ಳಿಮನೆಗಳನ್ನು ಅಳೆದು ಮಾದರಿಯಲ್ಲಾದರೂ ಉಳಿಸಲು ಬಯಸಿದವನು. ಆತನ ಆತಂಕ ಹುಸಿಯಾಗಲಿಲ್ಲ. ರೈಲ್ವೆಗೂ ಅದೇ ಗತಿ ಬಂದಿತು. 1963ರ ಬೀಚಿಂಗ್ ವರದಿ 2,363 ಸ್ಟೇಷನ್ನುಗಳ ಹೆಸರನ್ನು ಮುಚ್ಚುವ ಪಟ್ಟಿಯಲ್ಲಿ ಬರೆಯಿತು. ಹಳಿ ಕಿತ್ತ ಎಷ್ಟೋ ಕಡೆ ಪೊದೆಗಳ ನಡುವೆ ಪ್ಲಾಟ್‌ಫಾರಮ್ಮಿನ ಅಂಚುಗಲ್ಲುಗಳು ಮಾತ್ರ ಉಳಿದವು. ಅಂದಿನಿಂದ ಹವ್ಯಾಸಿಯ ಅಳತೆಪಟ್ಟಿ ಒಂದು ಬಗೆಯ ಚರಿತ್ರೆಯ ಲೇಖನಿಯೂ ಆಯಿತು.

ನಮ್ಮ ನಾಡಿನಲ್ಲಿ ಈ ಮಾತಿಗೆ ಅರ್ಥವಿಲ್ಲವೆನ್ನುವಂತಿಲ್ಲ. 2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ ಪ್ಲಾಟ್‌ಫಾರಂ 1,507 ಮೀಟರ್. ಜಗತ್ತಿನಲ್ಲೇ ಅತ್ಯಂತ ಉದ್ದದ್ದೆಂದು ಗಿನ್ನೆಸ್ ದಾಖಲೆ ಪಡೆದಿದೆ. ನಾಲ್ಕು ಮಿಲಿಮೀಟರ್ ಪ್ರಮಾಣದಲ್ಲಿ ಕಟ್ಟಿದರೂ ಅದು ಸುಮಾರು 20 ಮೀಟರ್ ಆದೀತು. ಹವ್ಯಾಸಿ ಅದನ್ನು ಮೊಟಕುಗೊಳಿಸಲೇಬೇಕು. ಅದರಿಂದ ನಷ್ಟವಿಲ್ಲ, ಆ ಉದ್ದ ದಾಖಲೆಗಳಲ್ಲಿ ಭದ್ರವಾಗಿದೆ. ದಾಖಲೆ ಸೇರದ ಅಳತೆಗಳೇ ಬೇರೆ. 1992ರಲ್ಲಿ ಆರಂಭವಾದ ಏಕಗೇಜ್ ಯೋಜನೆಯಲ್ಲಿ ನಮ್ಮ ಮೀಟರ್ ಗೇಜ್ ದಾರಿಗಳು ಬ್ರಾಡ್ ಗೇಜಿಗೆ ತಿರುಗಿದವು. ಶಿವಮೊಗ್ಗ–ತಾಳಗುಪ್ಪದ ದಾರಿಯೂ ಅವುಗಳಲ್ಲೊಂದು. ಆ ಹಳೆಯ ಸ್ಟೇಷನ್ನುಗಳ ತಗ್ಗಾದ ಜಗಲಿ, ಅಲ್ಲಿಂದ ಬೋಗಿಯ ಮೆಟ್ಟಿಲಿಗಿದ್ದ ಎತ್ತರ, ಅಜ್ಜಿಯನ್ನು ಕೈಹಿಡಿದು ಮೇಲಕ್ಕೆಳೆದುಕೊಳ್ಳಬೇಕಾಗಿದ್ದ ಆ ಒಂದು ಹೆಜ್ಜೆ, ಇವನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ, ರಟ್ಟಿನಲ್ಲಾದರೂ ಅದನ್ನು ಕಟ್ಟಿಡುವ ಕೈಯೊಂದು ಬೇಕು.